ಬಾಡಿಗೆ ಮನೆ ವ್ಯವಹಾರದಲ್ಲಿ ಸೇವೆ: ಆಕ್ಟೇವಿಯಾ ಹಿಲ್ ನಡೆಸಿದ ರೀತಿ



‘ರಿಯಲ್ ಎಸ್ಟೇಟ್’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸೈಟು ತೋರಿಸುವ ಬ್ರೋಕರು, ಕಲ್ಲು ನೆಟ್ಟ ಹೊಲ, ರಸ್ತೆ ಬದಿಯ ಬಣ್ಣದ ಬೋರ್ಡು. ‘ಅದು ದುಡ್ಡಿದ್ದವರ ಆಟ, ನಮಗ್ಯಾಕೆ’ ಅಂತ ಸುಮ್ಮನಾಗುತ್ತೇವೆ. ಆದರೆ ಕೊಳ್ಳುವುದು, ಮಾರುವುದು ಇಷ್ಟೇ ಈ ವ್ಯವಹಾರವಲ್ಲ. ಇರುವ ಹಳೆಯ ಮನೆಯೊಂದನ್ನು ವಹಿಸಿಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಟ್ಟು, ಬಾಡಿಗೆ ವಸೂಲು ಮಾಡಿ, ಮಾಲೀಕರಿಗೆ ಲೆಕ್ಕ ಒಪ್ಪಿಸುವುದೂ ರಿಯಲ್ ಎಸ್ಟೇಟ್ ವ್ಯವಹಾರವೇ. ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ. ವಾರ ವಾರ ತಪ್ಪದೆ ಹಣ ಎಣಿಸುವ, ಪುಸ್ತಕ ಬರೆಯುವ, ಮನೆಮನೆಗೆ ಹೋಗಿ ಮಾತಾಡುವ ಅಭ್ಯಾಸ ಬೇಕು. ಅದು ನಮ್ಮ ಸಂಘದ ಮಹಿಳೆಯರಿಗೆ ಇದೆ ಅಲ್ವಾ?

ಅದರ ಅಗತ್ಯ ಎಷ್ಟಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪೇಟೆಗೆ ಕೂಲಿಗೆ ಬಂದ ಕುಟುಂಬ, ಗಂಡ ತೀರಿಹೋದ ಅಥವಾ ಬಿಟ್ಟುಹೋದ ಹೆಣ್ಣುಮಗಳು ಬಾಡಿಗೆ ಮನೆ ಹುಡುಕಿಕೊಂಡು ಹೊರಟರೆ ಏನಾಗುತ್ತದೆ? ಜಾತಿ ಕೇಳ್ತಾರೆ, ಮನೆಯವರು ಎಲ್ಲಿ ಅಂತ ಕೇಳ್ತಾರೆ, ಕೊಡಲಾಗದಷ್ಟು ಅಡ್ವಾನ್ಸ್ ಕೇಳ್ತಾರೆ. ಎಲ್ಲ ದಾಟಿ ಸಿಗುವ ಮನೆಗೆ ನೀರಿರುವುದಿಲ್ಲ, ಬಾಗಿಲಿಗೆ ಚಿಲಕ ಇರುವುದಿಲ್ಲ. ಇಂಥವರಿಗಾಗಿ ಒಕ್ಕೂಟದ ವತಿಯಿಂದ ನಾಲ್ಕು ಮನೆ ನಡೆಸಿದರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಸೇವೆ ಅಂತ ಶುರು ಮಾಡಿ, ಬಾಡಿಗೆ ಕೇಳಲು ನಾಚಿ, ಸೋರುವ ಸೂರನ್ನು ಕಟ್ಟಿಸಲು ಹಣವಿಲ್ಲದೆ, ಕೊನೆಗೆ ಬೀಗ ಹಾಕುವ ಸ್ಥಿತಿ ಬರಬಾರದಲ್ಲ. ಹಾಗಾಗದ ಹಾಗೆ ಈ ಕೆಲಸವನ್ನು ದಶಕಗಳ ಕಾಲ ನಡೆಸಿ, ಹೇಗೆ ನಡೆಸಿದೆ ಅಂತ ತಾನೇ ಬರೆದಿಟ್ಟ ಒಬ್ಬ ಹೆಂಗಸು ಲಂಡನ್ನಿನಲ್ಲಿ ಇದ್ದಳು. ಹೆಸರು ಆಕ್ಟೇವಿಯಾ ಹಿಲ್. ಊರು ಬೇರೆ, ಕಾಲ ಬೇರೆ, ಆದರೂ ಆಕೆಯ ಲೆಕ್ಕ ನಮಗೆ ಅರ್ಥವಾಗುವಂಥದ್ದು.

ಯಾರು ಈ ಆಕ್ಟೇವಿಯಾ?

ಹುಟ್ಟಿದ್ದು 1838ರಲ್ಲಿ, ಇಂಗ್ಲೆಂಡಿನ ವಿಸ್ಬೆಕ್ ಎಂಬ ಊರಿನಲ್ಲಿ. ತಂದೆ ಧಾನ್ಯದ ವ್ಯಾಪಾರಿ. ಮಗು ಇನ್ನೂ ಚಿಕ್ಕದಿರುವಾಗಲೇ ಅವರು ದಿವಾಳಿಯಾದರು. ಅಲ್ಲಿಂದ ಮುಂದೆ ಸಂಸಾರ ಸಾಗಿಸಿದವರು ತಾಯಿ ಮತ್ತು ತಾಯಿಯ ತಂದೆ. ಆ ಅಜ್ಜ ವೈದ್ಯರು. ಕೊಳಕು ನೀರು, ಗಾಳಿ ಬೆಳಕಿಲ್ಲದ ಮನೆಗಳಿಂದಲೇ ಬಡವರಿಗೆ ಕಾಯಿಲೆ ಬರುವುದು ಅಂತ ಹೋರಾಡಿದವರು. ಆಕ್ಟೇವಿಯಾಗೆ ಸುಮಾರು ಹದಿನಾಲ್ಕು ವರ್ಷವಾದಾಗ, ತಾಯಿ ನೋಡಿಕೊಳ್ಳುತ್ತಿದ್ದ ಒಂದು ಸಹಕಾರಿ ಸಂಸ್ಥೆಯಲ್ಲಿ ಬಡ ಮಕ್ಕಳು ಆಟಿಕೆ ಮಾಡುವ ಕೋಣೆಯ ಜವಾಬ್ದಾರಿ ಅವಳಿಗೆ ಬಂತು. ತನ್ನ ವಯಸ್ಸಿನ ಮಕ್ಕಳಿಗೇ ಇವಳು ಮೇಲ್ವಿಚಾರಕಿ! ಆ ಮಕ್ಕಳ ಮನೆಗೆ ಹೋಗಿ ನೋಡಿದಾಗಲೇ ಬಾಡಿಗೆ ಮನೆ ಅಂದರೆ ಏನು ಅಂತ ಅವಳಿಗೆ ತಿಳಿದದ್ದು.

ಹೊಟ್ಟೆಪಾಡಿಗೆ ಅವಳು ಪಾಠ ಹೇಳುತ್ತಿದ್ದಳು, ಜಾನ್ ರಸ್ಕಿನ್ ಎಂಬ ಹೆಸರಾಂತ ಲೇಖಕರಿಗೆ ಚಿತ್ರಗಳ ನಕಲು ತೆಗೆದು ಕೊಡುತ್ತಿದ್ದಳು. ಈ ರಸ್ಕಿನ್ ಅವರ ಒಂದು ಪುಸ್ತಕವನ್ನೇ ಗಾಂಧೀಜಿಯವರು 1908ರಲ್ಲಿ ಗುಜರಾತಿಗೆ ಇಳಿಸಿ ‘ಸರ್ವೋದಯ’ ಅಂತ ಹೆಸರಿಟ್ಟದ್ದು. 1864ರಲ್ಲಿ ರಸ್ಕಿನ್ ಅವರ ತಂದೆ ತೀರಿಕೊಂಡು, ದೊಡ್ಡ ಆಸ್ತಿ ಮಗನ ಕೈಗೆ ಬಂತು. ಮಾರನೇ ವರ್ಷ, ಅಂದರೆ 1865ರಲ್ಲಿ, ಲಂಡನ್ನಿನ ಮೇರಿಲೆಬೊನ್ ಬಡಾವಣೆಯ ‘ಪ್ಯಾರಡೈಸ್ ಪ್ಲೇಸ್’ ಎಂಬ ಓಣಿಯಲ್ಲಿ ಮೂರು ಮನೆಗಳ 56 ವರ್ಷದ ಗುತ್ತಿಗೆ ಹಕ್ಕನ್ನು 750 ಪೌಂಡ್ ಕೊಟ್ಟು ಕೊಂಡು, ನಡೆಸುವ ಕೆಲಸವನ್ನು ಆಕ್ಟೇವಿಯಾಗೆ ವಹಿಸಿದರು. ಪ್ಯಾರಡೈಸ್ ಅಂದರೆ ಸ್ವರ್ಗ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಒಳಗೆ ಹೋದರೆ ನರಕವೇ.

ಒಂದೊಂದು ಮನೆಗೆ ಆರು ಕೋಣೆ. ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಒಂದು ಸಂಸಾರ. ಗೋಡೆಯ ಗಾರೆ ಉದುರುತ್ತಿತ್ತು. ಮಾಡು ಸೋರುವುದಕ್ಕೆ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟಿದ್ದರು. ಮೆಟ್ಟಿಲಿನ ಕೈಪಿಡಿಯನ್ನು ಬಾಡಿಗೆದಾರರೇ ಕಿತ್ತು ಒಲೆಗೆ ಹಾಕಿದ್ದರು. ಬಟ್ಟೆ ಒಗೆಯುವ ಕೋಣೆಯಲ್ಲಿ ಮಾಲೀಕ ತನ್ನ ಹಳೇ ಸಾಮಾನು ತುಂಬಿ ಬೀಗ ಹಾಕಿದ್ದ. ಆದ್ದರಿಂದ ಅಡುಗೆ, ಊಟ, ನಿದ್ದೆ, ಬಟ್ಟೆ ಒಗೆಯುವುದು ಎಲ್ಲಾ ಅದೇ ಒಂದು ಕೋಣೆಯಲ್ಲಿ. ನೀರಿನ ಪೀಪಾಯಿ ಒಂದೇ, ಅದೂ ಸೋರುತ್ತಿತ್ತು. ನೀರು ಬಂದ ಹೊತ್ತಿಗೆ ಕೊಡ ಹಿಡಿದು ಓಡದವರಿಗೆ ಆವತ್ತು ನೀರಿಲ್ಲ. ಪೀಪಾಯಿಗೆ ಒಂದು ಕಬ್ಬಿಣದ ಬಳೆ ಹಾಕಿಸಿ ಅಂತ ಕೇಳಿದ ಬಾಡಿಗೆದಾರನಿಗೆ ಮಾಲೀಕ, ಬೇಡವಾದರೆ ಬಿಟ್ಟು ಹೋಗು ಅಂದಿದ್ದನಂತೆ. ಹಾಗೆ ಕೇಳಿದವನು ಅಲ್ಲಿದ್ದವರಲ್ಲೇ ಅತ್ಯಂತ ಒಳ್ಳೆಯ ಬಾಡಿಗೆದಾರ. ಮೂರು ಮನೆಗಳ ಕಿಟಕಿಗಳಲ್ಲಿ ಒಟ್ಟು 192 ಗಾಜುಗಳಿದ್ದವು. ಒಡೆಯದೆ ಉಳಿದಿದ್ದವು 8.

ಹಳೇ ಮಾಲೀಕ ಕೆಟ್ಟವನೇ?

ಇಲ್ಲಿ ಆಕ್ಟೇವಿಯಾ ಒಂದು ಮಾತು ಬರೆಯುತ್ತಾಳೆ. ಆ ಹಳೇ ಮಾಲೀಕ ಕ್ರೂರಿಯೇನಲ್ಲ, ಸಣ್ಣ ವ್ಯಾಪಾರಿ. ರಿಪೇರಿ ಮಾಡಿಸಲು ಅವನ ಕೈಯಲ್ಲಿ ಬಂಡವಾಳವಿಲ್ಲ. ಬಾಡಿಗೆ ಸರಿಯಾಗಿ ಬರುತ್ತಿರಲಿಲ್ಲ, ಹೆಚ್ಚಿನವರು ಆರು, ಏಳು, ಎಂಟು ವಾರದ ಬಾಕಿ ಉಳಿಸಿಕೊಂಡಿದ್ದರು. ಅವನು ಕೊನೇ ಸಲ ವಸೂಲಿಗೆ ಹೋದಾಗ ಇವಳೂ ಜೊತೆಗಿದ್ದಳು. ಜಪ್ತಿ ಮಾಡುವ ಅಧಿಕಾರಿ ಅಂತ ನಂಬಿಸಲು ಅವನು ಒಬ್ಬ ಆಸಾಮಿಯನ್ನು ಕರೆದುಕೊಂಡು ಬಂದಿದ್ದನಂತೆ! ಜನ ಹೆದರಲಿಲ್ಲ. ಅವನು ಬೈದದ್ದನ್ನು ಯಾವತ್ತೂ ಮಾಡಿದವನಲ್ಲ ಅಂತ ಅವರಿಗೆ ಗೊತ್ತಿತ್ತು.

ಈ ಲೆಕ್ಕಾಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೊಡದವರ ಬಾಡಿಗೆಯ ನಷ್ಟವನ್ನು ಮಾಲೀಕ ಎಲ್ಲಿಂದ ತುಂಬಿಸಿಕೊಳ್ಳುತ್ತಿದ್ದ? ಸರಿಯಾಗಿ ಕೊಡುವವರಿಂದ. ಅವರ ಬಾಡಿಗೆ ಜಾಸ್ತಿ, ರಿಪೇರಿ ಸೊನ್ನೆ. ಅಂದರೆ ಕೊಡದ ಮನೆಯ ಬಾಡಿಗೆಯನ್ನು ಪಕ್ಕದ ಮನೆಯ ಹೆಂಗಸು ಸೋರುವ ಮಾಡಿನ ರೂಪದಲ್ಲಿ ಕಟ್ಟುತ್ತಿದ್ದಳು. ನಮ್ಮ ಸಂಘಗಳಲ್ಲೂ ಇದನ್ನು ಕಂಡಿದ್ದೇವಲ್ಲ. ಒಬ್ಬರು ಕಂತು ಕಟ್ಟದಿದ್ದರೆ ‘ಪಾಪ’ ಅಂತ ಬಿಡುತ್ತೇವೆ. ಆ ಪಾಪದ ದುಡ್ಡು ಇನ್ನೊಬ್ಬಳ ಉಳಿತಾಯದಿಂದ ಹೋಗುತ್ತದೆ, ಅವಳೂ ಪಾಪದವಳೇ.

ಆಕ್ಟೇವಿಯಾ ಬಂದ ಮೇಲೆ ಎರಡನೇ ವಾರಕ್ಕೆ ಬಾಕಿ ಬೆಳೆಯಲು ಬಿಡಲಿಲ್ಲ. ಪ್ರತಿ ವಾರ ತಾನೇ ಹೋಗಿ ಬಾಡಿಗೆ ತೆಗೆದುಕೊಂಡಳು. ವಾರದ ಕೂಲಿಯವರಿಗೆ ತಿಂಗಳ ಬಾಡಿಗೆ ಭಾರ, ವಾರದ್ದು ಹಗುರ. ಒಂದು ವಾರ ತಪ್ಪಿದರೆ ಕಾರಣ ಆವತ್ತೇ ಗೊತ್ತಾಗುತ್ತದೆ. ಕೆಲಸ ಹೋಯಿತೇ, ಕಾಯಿಲೆಯೇ, ಕುಡಿತವೇ? ಎಂಟು ವಾರ ಕಳೆದ ಮೇಲೆ ಗೊತ್ತಾದರೆ ಏನೂ ಮಾಡಲಾಗದು.

ಶೇಕಡಾ 5ರ ಕಟ್ಟು

ಮನೆ ವಹಿಸುವಾಗ ರಸ್ಕಿನ್ ಒಂದು ಷರತ್ತು ಹಾಕಿದರು ಎನ್ನುವುದಕ್ಕಿಂತ ಒಂದು ಬುದ್ಧಿ ಹೇಳಿದರು ಎನ್ನಬೇಕು. ಹೂಡಿದ ಹಣಕ್ಕೆ ವರ್ಷಕ್ಕೆ ಶೇಕಡಾ 5 ಬಂದರೆ ಬೇರೆಯವರೂ ಇಂಥ ಕೆಲಸಕ್ಕೆ ಹಣ ಹಾಕಲು ಮುಂದೆ ಬರುತ್ತಾರೆ, ದಾನ ಅಂತ ಮಾಡಿದರೆ ಅದು ಇಲ್ಲಿಗೇ ನಿಲ್ಲುತ್ತದೆ ಅಂತ. ಹೀಗೆ ಮಾಲೀಕನ ಲಾಭಕ್ಕೆ ಒಂದು ಮಿತಿ ಬಿತ್ತು. ಅದಕ್ಕಿಂತ ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಮಿಕ್ಕಿದ್ದು ಮನೆಗೆ, ಮನೆಯಲ್ಲಿರುವವರಿಗೆ.

ನಾವೇ ಲೆಕ್ಕ ಹಾಕಿ ನೋಡೋಣ. 750 ಪೌಂಡಿಗೆ ಶೇಕಡಾ 5 ಅಂದರೆ ವರ್ಷಕ್ಕೆ 37 ಪೌಂಡ್ ಹತ್ತು ಶಿಲ್ಲಿಂಗ್. ಅಷ್ಟೇ ಸಾಲದು. 56 ವರ್ಷ ಕಳೆದ ಮೇಲೆ ಗುತ್ತಿಗೆ ಮುಗಿದು ಮನೆ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಅಸಲನ್ನೂ ವರ್ಷ ವರ್ಷ ತೆಗೆದಿಡಬೇಕು. 750ನ್ನು 56ರಿಂದ ಭಾಗಿಸಿದರೆ ಸುಮಾರು 13 ಪೌಂಡ್ ಚಿಲ್ಲರೆ. ಎರಡೂ ಸೇರಿ 51 ಪೌಂಡ್. ಕೋಣೆಗಳು ಹದಿನೆಂಟು. ಕೋಣೆಯೊಂದಕ್ಕೆ ವರ್ಷಕ್ಕೆ 3 ಪೌಂಡಿಗೂ ಸ್ವಲ್ಪ ಕಡಿಮೆ. ಇದರ ಮೇಲೆ ತೆರಿಗೆ, ನೀರು, ರಿಪೇರಿ, ಖಾಲಿ ಬಿದ್ದ ಕೋಣೆಯ ನಷ್ಟ. ಬಾಡಿಗೆ ಎಷ್ಟಿರಬೇಕು ಅಂತ ಹೇಳುವುದು ಇದೇ ಲೆಕ್ಕ. ಅವಳು ಹೆಚ್ಚು ಕಡಿಮೆ ಹಳೇ ಬಾಡಿಗೆಯನ್ನೇ ಉಳಿಸಿಕೊಂಡಳು. ಮಕ್ಕಳು ಜಾಸ್ತಿ ಇದ್ದವರು ಎರಡು ಕೋಣೆ ತೆಗೆದುಕೊಂಡರೆ ಬಿಡಿಯಾಗಿ ಕೊಡುವುದಕ್ಕಿಂತ ಬಹಳ ಕಡಿಮೆ ದರ ಹಾಕಿದಳು. ಒಳಬಾಡಿಗೆ ಕೊಡಲು ಯಾರಿಗೂ ಅವಕಾಶವಿರಲಿಲ್ಲ. ಆದರೂ ಹೂಡಿದ ಬಂಡವಾಳಕ್ಕೆ ಶೇಕಡಾ 5 ಕೊಟ್ಟಳು, ಅಸಲು ತೀರಿಸುವ ನಿಧಿಯನ್ನೂ ಕೂಡಿಸುತ್ತಾ ಬಂದಳು. ಬಾಕಿ ನಿಂತದ್ದರಿಂದಲೇ ಇದು ಸಾಧ್ಯವಾದದ್ದು, ಬೇರೆ ಯಾವ ಮಂತ್ರವೂ ಇಲ್ಲ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ದೊಡ್ಡ ದಾನವೂ ನಡೆದಿತ್ತು. ಜಾರ್ಜ್ ಪೀಬಾಡಿ ಎಂಬ ಅಮೆರಿಕದ ಬ್ಯಾಂಕರು 1862ರಲ್ಲಿ ಕೊಟ್ಟ ಹಣದಿಂದ ಬಡ ದುಡಿಮೆಗಾರರಿಗೆ ಹೊಸ ದೊಡ್ಡ ಕಟ್ಟಡಗಳು ಎದ್ದವು, ಮೊದಲನೆಯದು 1864ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ. ಅದು ದೊಡ್ಡ ಕೆಲಸ, ಬೇಕಾದದ್ದೇ. ಆಕ್ಟೇವಿಯಾ ಮಾಡಿದ್ದು ಬೇರೆ. ಜನ ಇರುವ ಹಳೇ ಮನೆಯನ್ನೇ, ಅದೇ ಜನರನ್ನು ಇಟ್ಟುಕೊಂಡೇ, ಒಂದೊಂದಾಗಿ ರಿಪೇರಿ ಮಾಡಿದಳು. ಖಾಲಿಯಾದ ಕೋಣೆಯನ್ನು ಸ್ವಚ್ಛ ಮಾಡಿ ಸುಣ್ಣ ಬಳಿದು, ಪಕ್ಕದ ಕೋಣೆಯವರನ್ನು ಅಲ್ಲಿಗೆ ಕಳಿಸಿ, ಅವರ ಕೋಣೆ ರಿಪೇರಿ. ಹೀಗೆ ಸರದಿಯ ಮೇಲೆ. ಚರಂಡಿ ಸರಿಯಾಯಿತು, ನೀರಿನ ತೊಟ್ಟಿ ಬಂತು, ಬಟ್ಟೆ ಒಗೆಯುವ ಕೋಣೆಯ ಬೀಗ ತೆಗೆದು ಒಬ್ಬೊಬ್ಬರಿಗೆ ಒಂದೊಂದು ದಿನ ಗೊತ್ತು ಮಾಡಿದಳು. ಸಣ್ಣ ಸಂಘಕ್ಕೆ ಎಟಕುವುದು ಈ ದಾರಿಯೇ ಅಂತ ನಮ್ಮ ಅಭಿಪ್ರಾಯ.

ರಿಪೇರಿ ಹಣದ ಜಾಣತನ

ಇದು ನಮಗೆ ಅತ್ಯಂತ ಇಷ್ಟವಾದ ಭಾಗ. ಪ್ರತಿ ಮನೆಗೆ ವರ್ಷಕ್ಕೆ ಇಷ್ಟು ಅಂತ ರಿಪೇರಿ ಹಣ ತೆಗೆದಿಡುತ್ತಿದ್ದಳು. ಅದು ಬಾಡಿಗೆದಾರರಿಗೂ ಗೊತ್ತಿರುತ್ತಿತ್ತು. ಗಾಜು ಒಡೆಯದೆ, ನಲ್ಲಿ ಮುರಿಯದೆ ವರ್ಷ ಕಳೆದು ಹಣ ಉಳಿದರೆ ಆ ಉಳಿಕೆಯಲ್ಲಿ ಅವರು ಕೇಳಿದ ಅನುಕೂಲ ಮಾಡಿಸಿಕೊಡುತ್ತಿದ್ದಳು. ಗಾಜು ಒಡೆದವನು ಮಾಲೀಕನದ್ದನ್ನು ಒಡೆದಂತಲ್ಲ, ತನ್ನ ಮನೆಗೆ ಬರಬೇಕಾದ ಕಪಾಟನ್ನು ಒಡೆದ ಹಾಗೆ. ಹಾಳು ಮಾಡುವುದು ತಾನಾಗಿಯೇ ಕಡಿಮೆಯಾಯಿತು. ಪಹರೆ ಬೇಕಾಗಲಿಲ್ಲ.

ಇನ್ನೊಂದು. ಮಾಡಿಸಲೇಬೇಕಾದ ಸಣ್ಣ ಪುಟ್ಟ ಕೆಲಸಗಳನ್ನು, ಅಂದರೆ ಬಣ್ಣ ಬಳಿಯುವುದು, ಮರದ ಕೆಲಸ, ಶುಚಿ ಮಾಡುವುದು, ಆದಷ್ಟು ಬಾಡಿಗೆದಾರರಿಗೇ ಕೊಡುತ್ತಿದ್ದಳು. ಅದೂ ಹೊರಗೆ ಕೆಲಸ ಸಿಗದ ತಿಂಗಳುಗಳಿಗೆ ಎತ್ತಿಟ್ಟು. ಕೂಲಿ ಬಂತು, ಅದರಿಂದ ಬಾಡಿಗೆ ಕಟ್ಟಿದರು. ದೊಡ್ಡ ಹುಡುಗಿಯರಿಗೆ ವಾರಕ್ಕೆ ಮೂರು ಸಲ ಓಣಿ, ಮೆಟ್ಟಿಲು ತೊಳೆಯುವ ಕೆಲಸ, ಅದಕ್ಕೂ ಸಂಬಳ. ನಮ್ಮ ಕಡೆ ಆದರೆ ಮಳೆಗಾಲದಲ್ಲಿ ಕೂಲಿ ನಿಂತಾಗ ಹೀಗೆ ಮಾಡಬಹುದು. ಆದರೆ ಮಾಡಿನ ಹಂಚು ಮಾತ್ರ ಮಳೆಗೆ ಮುಂಚೆಯೇ ಕೈಯಾಡಿಸಿ, ಅದಕ್ಕೆ ಕಾಯಬೇಡಿ!

ಕೈಗೆ ದುಡ್ಡು ಕೊಡುತ್ತಿರಲಿಲ್ಲ. ಊಟ, ಬಟ್ಟೆಯನ್ನೂ ಹಂಚುತ್ತಿರಲಿಲ್ಲ. ಕರೆಯದೆ ಯಾರ ಕೋಣೆಯೊಳಗೂ ಹೋಗಬಾರದು ಅಂತ ತನಗೆ ತಾನೇ ನಿಯಮ ಮಾಡಿಕೊಂಡಿದ್ದಳು. ಸ್ನೇಹಿತರಿಗೆ ಅವಮಾನವಾಗದ ಹಾಗೆ ಏನೇನು ಮಾಡಬಹುದೋ ಅದನ್ನು ಮಾಡಿದಳು. ಕೆಲಸಕ್ಕೆ ಶಿಫಾರಸು, ಕಾಯಿಲೆ ಬಿದ್ದವರಿಗೆ ಓದಲು ಪುಸ್ತಕ, ಒಂದು ಗೊಂಚಲು ಹೂವು, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು. 1866ರಲ್ಲಿ ರಸ್ಕಿನ್ ಹತ್ತಿರದ ಫ್ರೆಷ್‌ವಾಟರ್ ಪ್ಲೇಸಿನಲ್ಲಿ ಇನ್ನೂ ಐದು ಮನೆ ಕೊಂಡುಕೊಟ್ಟರು. ಅದರ ಮುಂದೆ ಮುರುಕಲು ಕೊಟ್ಟಿಗೆ, ಗೊಬ್ಬರದ ಗುಂಡಿ ಇದ್ದ ಹಾಳು ಜಾಗ ಇತ್ತು. ಅದನ್ನು ಶುಚಿ ಮಾಡಿಸಿ ಮಕ್ಕಳ ಆಟದ ಬಯಲು ಮಾಡಿ, ಗಿಡ ನೆಡಿಸಿದರು.

ಹೀಗೆ ಬೆಳೆದು 1874ರ ಹೊತ್ತಿಗೆ 15 ಕಡೆ, ಸುಮಾರು 3,000 ಜನ ಬಾಡಿಗೆದಾರರು ಅವಳ ನೋಡಿಕೆಯಲ್ಲಿದ್ದರು. ಒಬ್ಬಳಿಂದ ಆಗುವುದಿಲ್ಲವಲ್ಲ. ಬಾಡಿಗೆ ವಸೂಲಿಗೆ ಮಹಿಳೆಯರನ್ನೇ ತರಬೇತು ಮಾಡಿದಳು. ಮೊದಲು ಸ್ವಯಂಸೇವಕಿಯರು, ಮುಂದೆ ಸಂಬಳದವರೂ ಬಂದರು. 1884ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಆಸ್ತಿ ನೋಡಿಕೊಳ್ಳುವ ಮಂಡಳಿಯೇ ಸೌತ್‌ವರ್ಕ್ ಭಾಗದ ತನ್ನ ಕೆಲವು ಮನೆಗಳನ್ನು ಅವಳ ಕೈಗೆ ಕೊಟ್ಟಿತು. ಚರ್ಚಿನ ಆಸ್ತಿಯಾದರೂ ಕೊಳೆಗೇರಿಯಾಗಿಯೇ ಇತ್ತು ಎನ್ನುವುದನ್ನೂ ಹೇಳಬೇಕು. ಸೌತ್‌ವರ್ಕಿನಲ್ಲೇ 1887ರಲ್ಲಿ ರೆಡ್‌ಕ್ರಾಸ್ ಎಂಬಲ್ಲಿ ಸಣ್ಣ ಮನೆಗಳ ಸಾಲು, ಮುಂದೆ ಒಂದು ತೋಟ ಕಟ್ಟಿಸಿದಳು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1896ರಲ್ಲಿ ಅವಳ ಹೆಸರಿನಲ್ಲೇ ಇಂಥದೇ ಸಂಸ್ಥೆ ಶುರುವಾಯಿತು. ಅವಳು ತೀರಿಕೊಂಡದ್ದು 1912ರಲ್ಲಿ. ಪ್ಯಾರಡೈಸ್ ಪ್ಲೇಸಿಗೆ ಈಗ ಗಾರ್ಬಟ್ ಪ್ಲೇಸ್ ಅಂತ ಹೆಸರು.

ಯಾರು ಹೊರಗೆ ಹೋದರು?

ಇಲ್ಲಿಯವರೆಗೆ ಒಳ್ಳೆಯದನ್ನೇ ಹೇಳಿದೆವು. ಕಷ್ಟದ ಮಾತೂ ಇದೆ, ಅದನ್ನು ಬಿಟ್ಟರೆ ಮೋಸವಾಗುತ್ತದೆ.

ಬಾಡಿಗೆ ಕೊಡಲು ಒಪ್ಪದವರನ್ನು ಅವಳು ಹೊರಗೆ ಹಾಕಿದಳು. ನಡತೆ ಸರಿಯಿಲ್ಲ ಅಂತ ತನಗೆ ಕಂಡವರನ್ನೂ ಹಾಕಿದಳು. ಅವರು ಎಲ್ಲಿಗೆ ಹೋದರು? ಇನ್ನೂ ಕೆಟ್ಟ ಓಣಿಗೇ ಹೋಗಿರಬೇಕು. ದಿನಗೂಲಿಯೂ ನೆಟ್ಟಗೆ ಸಿಗದ, ಎಲ್ಲರಿಗಿಂತ ಕೆಳಗಿನ ಬಡವರಿಗೆ ಶೇಕಡಾ 5ರ ಲೆಕ್ಕದ ಮನೆ ನಿಲುಕುವುದಿಲ್ಲ. ಇದು ಆ ಪದ್ಧತಿಯ ದೊಡ್ಡ ಕೊರತೆ. ಸರ್ಕಾರವೋ ನಗರಸಭೆಯೋ ಮನೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುವುದನ್ನೂ ಅವಳು ವಿರೋಧಿಸುತ್ತಿದ್ದಳು. ಅಲ್ಲಿ ಮಾತ್ರ ಅವಳ ಮಾತು ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ 1919ರ ವಸತಿ ಕಾನೂನಿನ ನಂತರ ಸ್ಥಳೀಯ ಸಂಸ್ಥೆಗಳೇ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟಿಸಬೇಕಾಯಿತು. ಹತ್ತಿಪ್ಪತ್ತು ಓಣಿ ಸರಿ ಮಾಡಬಹುದು, ಇಡೀ ನಗರಕ್ಕೆ ಅದು ಸಾಲದು. ಇಷ್ಟೊಂದು ಹೆಂಗಸರಿಗೆ ವ್ಯವಹಾರ ಕಲಿಸಿದ ಆಕೆ ಮಹಿಳೆಯರಿಗೆ ಪಾರ್ಲಿಮೆಂಟಿನ ಮತದ ಹಕ್ಕು ಬೇಡ ಎಂದವಳು ಕೂಡಾ. ಇದೊಂದು ವಿಚಿತ್ರ, ಇರಲಿ.

ನಡತೆಯ ವಿಷಯದಲ್ಲಿ ನಾವು ಆಕೆಯನ್ನು ಅನುಸರಿಸಬಾರದು ಅಂತ ಸ್ಪಷ್ಟವಾಗಿ ಹೇಳುತ್ತೇವೆ. ಗಂಡ ಬಿಟ್ಟವಳ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದಳು ಅಂತ ವಸೂಲಿಗೆ ಹೋದವರು ನೋಡಲು ಶುರು ಮಾಡಿದರೆ ಆಕೆಗೆ ಈ ಮನೆಯೂ ಆ ಮನೆಯೂ ಒಂದೇ. ಬಾಡಿಗೆ, ಶುಚಿತ್ವ, ನೆರೆಯವರಿಗೆ ತೊಂದರೆ ಕೊಡದಿರುವುದು, ನಿಯಮ ಇಷ್ಟಕ್ಕೆ ಸಾಕು.

ಆದರೆ ಬಾಡಿಗೆಯ ಕಟ್ಟುನಿಟ್ಟು? ಅದನ್ನು ಬಿಡಲಾಗದು. ಬದಲಿಗೆ ಒಂದು ದಾರಿಯಿದೆ. ಮನ್ನಾ ಮಾಡುವುದಾದರೆ ಬಾಡಿಗೆ ಪುಸ್ತಕದಲ್ಲಿ ಮಾಡಬೇಡಿ. ಮಿಗತೆಯಿಂದ ಬೇರೆ ಒಂದು ಸಹಾಯ ನಿಧಿ ಇಡಿ. ಕಾಯಿಲೆ, ಹೆರಿಗೆ, ಸಾವು ಆದಾಗ ಆ ನಿಧಿಯಿಂದ ಬಾಡಿಗೆ ಪುಸ್ತಕಕ್ಕೆ ಹಣ ವರ್ಗಾಯಿಸಿ, ಠರಾವು ಬರೆದು. ಆಗ ಮನೆಯ ಲೆಕ್ಕ ಮುರಿಯುವುದಿಲ್ಲ, ಯಾರಿಗೆ ಎಷ್ಟು ಸಹಾಯವಾಯಿತು ಎಂಬುದೂ ಎಲ್ಲರಿಗೆ ಕಾಣುತ್ತದೆ. ಗುಟ್ಟಾಗಿ ಬಿಟ್ಟ ಬಾಡಿಗೆ ಮುಂದೆ ಜಗಳವಾಗಿಯೇ ಹೊರಗೆ ಬರುವುದು.

ರೂಪಾಯಿಯಲ್ಲಿ ಹಾಕಿದರೆ

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಒಕ್ಕೂಟವು ನಾಲ್ಕು ಭಾಗದ ಒಂದು ಹಳೇ ಮನೆಯನ್ನು ಮಾಲೀಕರಿಂದ ತಿಂಗಳಿಗೆ 4,000 ರೂಪಾಯಿಗೆ ಐದು ವರ್ಷ ವಹಿಸಿಕೊಂಡಿತು. ಮೊದಲಿಗೇ 1,00,000 ರೂಪಾಯಿ ರಿಪೇರಿಗೆ ಹಾಕಿತು. ನಾಲ್ಕು ಸಂಸಾರಕ್ಕೆ ತಲಾ 2,500ರಂತೆ ಕೊಟ್ಟಿತು. ವರ್ಷದ ಬಾಡಿಗೆ 1,20,000.

ಖರ್ಚು ನೋಡಿ. ಮಾಲೀಕರಿಗೆ 48,000. ರಿಪೇರಿಗೆ ಹಾಕಿದ ಲಕ್ಷ ಐದು ವರ್ಷದೊಳಗೆ ವಾಪಸ್ ಬರಬೇಕು, ವರ್ಷಕ್ಕೆ 20,000. ಅದರ ಮೇಲೆ ಶೇಕಡಾ 5ರಂತೆ 5,000 (ಬ್ಯಾಂಕ್ ಸಾಲದ ಬಡ್ಡಿ ಇದಕ್ಕಿಂತ ಜಾಸ್ತಿಯಿದ್ದರೆ ಆ ಅಂಕಿ ಹಾಕಿಕೊಳ್ಳಿ). ವರ್ಷದ ಸಣ್ಣ ರಿಪೇರಿ 12,000. ನೀರು, ತೆರಿಗೆ, ಹೊರಗಿನ ದೀಪ 9,000. ವಸೂಲಿ ಮಾಡಿ ಪುಸ್ತಕ ಬರೆಯುವವರಿಗೆ ಗೌರವಧನ 6,000. ಒಟ್ಟು ಒಂದು ಲಕ್ಷ. ಉಳಿಯುವುದು 20,000. ಈ ಇಪ್ಪತ್ತು ಸಾವಿರವೇ ನಿಮ್ಮ ಸೇವೆ. ಸಹಾಯ ನಿಧಿ ಅದರಿಂದ, ಮಕ್ಕಳಿಗೆ ಸಂಜೆ ಪಾಠ ಅದರಿಂದ.

ಈಗ ನಾಲ್ವರಲ್ಲಿ ಒಬ್ಬರು ವರ್ಷ ಪೂರ್ತಿ ಕೊಡಲಿಲ್ಲ ಅನ್ನಿ. 30,000 ಹೋಯಿತು. ಉಳಿತಾಯ ಇಪ್ಪತ್ತೂ ಹೋಗಿ, ಹತ್ತು ಸಾವಿರ ಕೈಯಿಂದ. ಆ ಹತ್ತು ಸಾವಿರವನ್ನು ಹೆಚ್ಚಾಗಿ ಎಲ್ಲಿಂದ ಉಳಿಸುತ್ತೇವೆ ಅಂದರೆ, ಸಣ್ಣ ರಿಪೇರಿಯಿಂದ. ಅಲ್ಲಿಗೆ ಪ್ಯಾರಡೈಸ್ ಪ್ಲೇಸಿನ ಬಕೆಟ್ ನಮ್ಮ ಮೆಟ್ಟಿಲಿಗೂ ಬಂದ ಹಾಗೆ.

ಗೌರವಧನ ಆರು ಸಾವಿರ ಯಾಕೆ, ನಾವೇ ಪುಕ್ಕಟೆ ಮಾಡುತ್ತೇವೆ ಅಂತ ಕೆಲವರು ಹೇಳಬಹುದು. ಬೇಡಿ. ಒಂದು ವರ್ಷ ಉತ್ಸಾಹದಲ್ಲಿ ನಡೆಯುತ್ತದೆ, ಎರಡನೇ ವರ್ಷ ಮಗಳ ಮದುವೆ, ಹೊಲದ ಕೆಲಸ ಅಂತ ವಸೂಲಿ ತಪ್ಪುತ್ತದೆ.

ಕಾಗದ ಪತ್ರ

ನಮ್ಮಲ್ಲಿ ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯುವುದು ರೂಢಿ. ಯಾಕಂದ್ರೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಅದರ ಖರ್ಚು ತಪ್ಪಿಸಲು. ಬಾಡಿಗೆದಾರರ ಜೊತೆಗೆ 11 ತಿಂಗಳು ಪರವಾಗಿಲ್ಲ. ಆದರೆ ಮಾಲೀಕರಿಂದ ನೀವು ಮನೆ ವಹಿಸಿಕೊಂಡು ಲಕ್ಷ ರೂಪಾಯಿ ರಿಪೇರಿಗೆ ಹಾಕುವಾಗ 11 ತಿಂಗಳ ಕಾಗದ ನಂಬಬೇಡಿ. ಮನೆ ಚೆಂದವಾದ ಮೇಲೆ ಹನ್ನೆರಡನೇ ತಿಂಗಳು ‘ಖಾಲಿ ಮಾಡಿ’ ಅಂದರೆ ನಿಮ್ಮ ಸುಣ್ಣ, ಹಂಚು ಎಲ್ಲ ಅವರದ್ದು. ಐದು ವರ್ಷದ ಗುತ್ತಿಗೆ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಬೇರೆಯವರಿಗೆ ಒಳಬಾಡಿಗೆಗೆ ಕೊಡಲು ಮಾಲೀಕರ ಒಪ್ಪಿಗೆ ಇದೆ ಎಂಬ ಮಾತು ಅದರಲ್ಲಿ ಇರಲೇಬೇಕು.

ಕರಾರು ಯಾರ ಹೆಸರಿನಲ್ಲಿ? ನೋಂದಣಿಯಾಗದ ಸ್ವಸಹಾಯ ಸಂಘ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯಲ್ಲ, ಅದರ ಹೆಸರಿನಲ್ಲಿ ಆಸ್ತಿಯ ಹಕ್ಕು ನಿಲ್ಲದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅಥವಾ ಟ್ರಸ್ಟ್ ಆಗಿ ನೋಂದಣಿಯಾದ ಒಕ್ಕೂಟದ ಹೆಸರಿನಲ್ಲಿ ಮಾಡಿಸಿ. ಅಧ್ಯಕ್ಷೆಯ ಸ್ವಂತ ಹೆಸರಿನಲ್ಲಿ ಬೇಡ, ಆಕೆ ಎಷ್ಟೇ ಒಳ್ಳೆಯವರಾಗಿರಲಿ. ಸಹಿ ಹಾಕುವ ಮುಂಚೆ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಿ. ಮನೆ ಮೇಲೆ ಬ್ಯಾಂಕ್ ಅಡಮಾನ ಇದ್ದು ನಾಳೆ ಹರಾಜಿಗೆ ಬಂದರೆ ನಾಲ್ಕು ಸಂಸಾರ ಬೀದಿಗೆ.

ಭೋಗ್ಯಕ್ಕೆ ಕೊಟ್ಟು ಒಂದೇ ಸಲ ದೊಡ್ಡ ಮೊತ್ತ ತೆಗೆದುಕೊಳ್ಳೋಣ ಅಂತ ಆಸೆ ಹುಟ್ಟಬಹುದು. ಭೋಗ್ಯದ ಹಣ ಆದಾಯವಲ್ಲ, ಸಾಲ. ಬಿಟ್ಟುಹೋಗುವ ದಿನ ಪೂರ್ತಿ ಹಿಂದಿರುಗಿಸಬೇಕು. ಅಡ್ವಾನ್ಸ್ ಕೂಡಾ ಹಾಗೆಯೇ, ಅದನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಡಿ, ಸಂಘದ ಆಂತರಿಕ ಸಾಲಕ್ಕೆ ತಿರುಗಿಸಬೇಡಿ. ಇನ್ನು ಕಮಿಷನ್ನಿಗೆ ಸೈಟು, ಫ್ಲ್ಯಾಟು ಮಾರಿಸುವ ಕೆಲಸಕ್ಕೆ ಯಾರಾದರೂ ಕರೆದರೆ, 2016ರ ರೇರಾ ಕಾಯ್ದೆಯಡಿ ನೋಂದಣಿಯಾದ ಯೋಜನೆಗಳಿಗೆ ಏಜೆಂಟ್ ಆಗಿ ಕೆಲಸ ಮಾಡುವವರೂ ನೋಂದಾಯಿಸಿಕೊಳ್ಳಬೇಕು ಎನ್ನುವುದು ಗೊತ್ತಿರಲಿ. ಸಂಘದ ಹೆಸರು ಹೇಳಿ ಸದಸ್ಯರಿಗೆ ಸೈಟು ಮಾರಿಸುವವರ ಕಡೆಗೆ ತಲೆ ಹಾಕದಿರುವುದೇ ಕ್ಷೇಮ.

ಮನೆ ತೋರಿಸಲು ಯಾರಾದರೂ ಕರೆದರೆ ಒಬ್ಬರೇ ಹೋಗಬೇಡಿ, ಮೂವರು ಹೋಗಿ, ಸಾಧ್ಯವಾದರೆ ಮಳೆ ಬರುವ ದಿನ ಹೋಗಿ. ಮಾಡು, ಚರಂಡಿ, ನೀರು ಬರುವ ಹೊತ್ತು, ಕಕ್ಕಸು, ಬಾಗಿಲ ಚಿಲಕ ನೋಡಿ. ಒಡೆದ ಗಾಜು ಎಷ್ಟು ಅಂತ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳಿ.